ಕಂಡಿಕೆವಾರು ಉತ್ತರ

ಫೆಬ್ರವರಿ ೫, ಸೋಮವಾರ

ದೂರು ವಜಾ ಆಗಿದೆ.

ಲಕೋಟೆ ಬಂದದ್ದು ನನ್ನ ಮೇಜಿಗೇ. ಕಚೇರಿಗೆ ಬರುವ ಟಪಾಲನ್ನೆಲ್ಲ ಒಡೆದು, ಮೊಹರು ಒತ್ತಿ, ಯಾವುದು ಯಾರಿಗೆ ಎಂದು ಹಂಚುವವಳು ನಾನು. ನನ್ನದನ್ನೂ ಹಾಗೆಯೇ ಒಡೆದೆ, ಮೊಹರು ಒತ್ತಿದೆ, ಆಮೇಲೆ ಓದಿದೆ. ಸೂಪರಿಂಟೆಂಡೆಂಟ್ ಹುದ್ದೆಗೆ ಹಿರಿತನದಲ್ಲಿ ನನ್ನ ಸರದಿಯಿದ್ದರೂ ಅದನ್ನು ನನ್ನ ಕಿರಿಯನಿಗೆ ಕೊಟ್ಟದ್ದರಲ್ಲಿ ತಾರತಮ್ಯವೇನೂ ಇಲ್ಲವಂತೆ. ‘ಅರ್ಜಿದಾರರ ಮಾತಿನ ತೊಂದರೆಯಿಂದ ಸಾರ್ವಜನಿಕರ ಕೆಲಸಕ್ಕೆ ಅಡಚಣೆಯಾಗುವ ಸಂಭವವಿರುವುದು ಕಂಡುಬಂದಿರುವುದರಿಂದ’ ಎಂದು ಕುಂದುಕೊರತೆ ಸಮಿತಿ ಬರೆದಿದೆ. ವಾಕ್ಯ ಜೋಲು. ನಾನಾಗಿದ್ದರೆ ಕೊನೆಯ ಎರಡು ಪದವನ್ನು ಒಂದೇ ಮಾಡಿ ಬಿಗಿಗೊಳಿಸುತ್ತಿದ್ದೆ.

ಮಾತಿನ ತೊಂದರೆ ಎಂದರೆ ಉಗ್ಗು. ಬುದ್ಧಿ ಬಂದಾಗಿನಿಂದ ಇದೆ. ಮಾತು ಗಂಟಲವರೆಗೆ ನೆಟ್ಟಗೆ ಬರುತ್ತದೆ, ತುಟಿಯ ಹತ್ತಿರ ಬಂದು ಹಟ ಹಿಡಿದ ಎಮ್ಮೆಯಂತೆ ನಿಂತುಬಿಡುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಹಾಗಾದರೆ ನಮ್ಮ ನೀರು ಸರಬರಾಜು ಕಚೇರಿಯಲ್ಲಿ ನನ್ನಷ್ಟು ಶ್ರೀಮಂತೆ ಇನ್ನೊಬ್ಬಳಿಲ್ಲ. ಅಲ್ಲಿ ನನಗಿರುವ ಹೆಸರು ಮೌನಗೌರಿ.

ದೂರು ಕೊಟ್ಟದ್ದೇ ತಪ್ಪಾಯಿತು. ಬಾಯಿಂದ ಬಾಯಿಗೆ ಇದ್ದ ವಿಷಯ ಈಗ ಸರ್ಕಾರಿ ಕಾಗದದ ಮೇಲೆ ಬಂದು ಕೂತಿದೆ. ಆ ಕಾಗದಕ್ಕೆ ನಾನೇ ಕಡತ ಕಟ್ಟಬೇಕು. ನಾಚಿಕೆಯಿಂದ ಮೈ ಹಿಡಿಯಾಯಿತು. ಮಧ್ಯಾಹ್ನ ಊಟದ ಡಬ್ಬಿಯನ್ನು ಟಪಾಲಿನ ಕೋಣೆಯಲ್ಲೇ ತೆರೆದೆ.

ಫೆಬ್ರವರಿ ೬, ಮಂಗಳವಾರ

ಬಡ್ತಿ ಸಿಕ್ಕಿದವನು ಬಂದು ನನ್ನ ಮೇಜಿನ ತುದಿಗೆ ನಿಂತ. ಅವನನ್ನು ನಾವು ಪಟಾಕಿ ಎನ್ನುವುದು. ಬಾಯಿಗೆ ಕಿಡಿ ಸೋಕಿದರೆ ಸಾಕು, ಸರ ಮುಗಿಯುವ ತನಕ ನಿಲ್ಲುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನಿಗೆ ಕಡತ ಕಟ್ಟುವುದರಿಂದ ಹಿಡಿದು ಕರಡು ಬರೆಯುವವರೆಗೆ ಎಲ್ಲ ಕಲಿಸಿದವಳು ನಾನು. ಅವನು ಕಲಿತದ್ದು ಕಡತ ಕಟ್ಟುವುದಷ್ಟೇ.

“ಅಕ್ಕಾ, ನನ್ ಮೇಲೆ ಬೇಜಾರಾ?”

ಇಲ್ಲ ಎಂದು ತಲೆಯಾಡಿಸಿದೆ.

“ನಾನೇನೂ ಕೇಳ್ಕೊಂಡು ಹೋಗಿರ್ಲಿಲ್ಲ ಅಕ್ಕಾ. ಸಾಹೇಬ್ರೇ ಕರೆದು ಕೊಟ್ರು. ನಿಮ್ಮಾಣೆ.”

ಅದು ನಿಜ. ಅವನು ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು.

ಫೆಬ್ರವರಿ ೧೧, ಭಾನುವಾರ

ಮೇಲ್ಮನವಿ ಹಾಕಲು ಒಂದು ತಿಂಗಳ ಗಡುವಿದೆ. ಯಾರಿಗೂ ಹೇಳದೆ ಗಡುವು ದಾಟಿಸಿಬಿಡೋಣ ಎಂದುಕೊಂಡಿದ್ದೆ. ಮಗಳು ನನ್ನ ಚೀಲದಲ್ಲಿ ಬಾಚಣಿಗೆ ಹುಡುಕಲು ಹೋಗಿ ಆದೇಶವನ್ನು ಹೊರಗೆಳೆದಳು. ಅಪ್ಪನಿಗೆ ಕೊಟ್ಟಳು. ಮುಗಿಯಿತು.

ನಮ್ಮವರು ಬಸ್ ಕಂಡಕ್ಟರ್. ಹಗಲೆಲ್ಲ ಕೂಗಿ ಬಂದರೂ ಮನೆಗೆ ಬೇಕಾದಷ್ಟು ಗಂಟಲು ಉಳಿಸಿಕೊಂಡಿರುತ್ತಾರೆ. ಮದುವೆಯಾದಾಗಿನಿಂದ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಾರೆ. ನಾನು ಮೊದಲಕ್ಷರ ಹಿಡಿದುಕೊಂಡು ಒದ್ದಾಡುವಷ್ಟರಲ್ಲಿ ಉಳಿದದ್ದನ್ನು ಮುಗಿಸಿ ಕೈಗೆ ಕೊಡುತ್ತಾರೆ. ಎಷ್ಟೋ ಸಲ ಅದು ಸರಿಯಾಗಿಯೇ ಇರುತ್ತದೆ. ಇಲ್ಲದಿದ್ದಾಗ ಅವರು ಹೇಳಿದ್ದಕ್ಕೇ ಹೂಂ ಎನ್ನುತ್ತೇನೆ. ಬೇಕಾದದ್ದು ಬದನೆಕಾಯಿ, ಬಂದದ್ದು ಬೆಂಡೆಕಾಯಿ. ಅಷ್ಟಕ್ಕೆಲ್ಲ ಯಾರು ಜಗಳ ಆಡುತ್ತಾರೆ?

“ಇದನ್ನ ಇಲ್ಲಿಗೇ ಬಿಡಬಾರ್ದು ಕಣೇ. ನಾಳೇನೇ ಆ ಸಾಹೇಬ್ರನ್ನ ನಾನು ನೋಡ್ತೀನಿ.”

“ಬೇ... ಬೇ...”

“ಬೇಗ ಹೋಗ್ತೀನಿ, ಗೊತ್ತು. ಮೊದಲನೇ ಟ್ರಿಪ್ಪಿಗೆ ಮುಂಚೆ.”

ನಾನು ಬೇಡ ಎನ್ನಲು ಹೊರಟಿದ್ದೆ. ಮಗಳಿಗೆ ಅರ್ಥವಾಯಿತು. “ಅಪ್ಪಾ, ನೀನು ಹೋಗೋದು ಬೇಡ. ಅಮ್ಮ ಮೇಲ್ಮನವಿ ಬರೀತಾಳೆ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಚಿಕ್ಕೋಳಿದ್ದಾಗಿಂದ ಫೋನ್ ಬಂದಾಗೆಲ್ಲ ‘ಅಮ್ಮ ಸ್ನಾನಕ್ಕೆ ಹೋಗಿದಾರೆ’ ಅಂತ ಹೇಳ್ತಾ ಬಂದಿದೀನಿ. ಇನ್ನೂ ಎಷ್ಟು ವರ್ಷ ಸ್ನಾನ ಮಾಡ್ತೀಯಾ?”

ಮೂವರೂ ನಕ್ಕೆವು. ನಾನು ನಗುತ್ತಲೇ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಆ ಮಗುವಿನ ಬಾಯಲ್ಲಿ ಎಷ್ಟು ಸುಳ್ಳು ಹೇಳಿಸಿದ್ದೇನೆ.

ಸಂಜೆ ಬರೆಯಲು ಕೂತೆ. ಒಂದೇ ಪುಟ. ಅದರಲ್ಲಿ ಮೂರು ‘ದಯಮಾಡಿ’, ಒಂದು ‘ತಮ್ಮ ಅಮೂಲ್ಯ ಸಮಯ’. ನಿವೃತ್ತ ಪಂಪು ಚಾಲಕನ ಪಿಂಚಣಿ ತಡೆಹಿಡಿದಾಗ ಅವನ ಪರವಾಗಿ ಒಂಬತ್ತು ಪುಟ ಬರೆದು ಪಿಂಚಣಿ ಕೊಡಿಸಿದವಳು ನಾನೇ. ಬೇರೆಯವರಿಗಾಗಿ ಹರಿಯುವ ಕೈ ನನ್ನ ಸರದಿ ಬಂದಾಗ ನನ್ನ ಬಾಯಿಯಂತಾಯಿತು.

ಫೆಬ್ರವರಿ ೨೩, ಶುಕ್ರವಾರ

ನೌಕರರು ಯಾರಿಗೇ ಏನೇ ಬರೆದರೂ ಅದು ಮೇಲಧಿಕಾರಿಯ ಮುಖಾಂತರವೇ ಹೋಗಬೇಕು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಯಾರ ಮೇಲೆ ದೂರೋ ಅವರ ಮೇಜಿನ ಮೇಲೇ ನನ್ನ ಮೇಲ್ಮನವಿಯನ್ನಿಟ್ಟು ರುಜುವಿಗಾಗಿ ನಿಂತೆ.

ಸಾಹೇಬರು ಸಿಟ್ಟಾಗಲಿಲ್ಲ. ಕುರ್ಚಿ ತೋರಿಸಿದರು, ಚಹಾ ತರಿಸಿದರು.

“ನಿಮ್ಮ ಒಳ್ಳೇದಕ್ಕೇ ಮಾಡಿದ್ದಮ್ಮಾ. ಆ ಕುರ್ಚೀಲಿ ಕೂತ್ರೆ ದಿನಾ ಜನರ ಹತ್ರ ಬೈಸ್ಕೋಬೇಕು, ಮೀಟಿಂಗಲ್ಲಿ ಉತ್ತರ ಕೊಡ್ಬೇಕು. ಯಾರಾದ್ರೂ ನಕ್ಬಿಟ್ರೆ ನೀವು ನೊಂದ್ಕೊಳ್ತೀರಿ. ನನಗೆ ನೋಡೋಕಾಗುತ್ತಾ?”

ರುಜು ಹಾಕಿ ಕಳುಹಿಸಿಕೊಟ್ಟರು. ಅಷ್ಟು ಒಳ್ಳೆಯವರ ಮೇಲೆ ದೂರು ಹೇಳಿದ್ದೇನಲ್ಲ ಎಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಮೆಟ್ಟಿಲು ಇಳಿಯುವಾಗ ಮಾತ್ರ ಒಂದು ಯೋಚನೆ ಬಂತು: ಯಾರು ನಕ್ಕಿದ್ದಾರೆ? ನೆನಪಿಗೆ ಬರಲಿಲ್ಲ. ಇರಬಹುದು, ನಾನು ಹೋದ ಮೇಲೆ ನಗುತ್ತಿರಬಹುದು.

ಮಾರ್ಚ್ ೫, ಮಂಗಳವಾರ

ಇಂದು ನಡೆದದ್ದನ್ನು ಹೇಗೆ ಬರೆಯಲಿ?

ಕಚೇರಿಯ ಮೇಲೆ ಯಾರಾದರೂ ಮೊಕದ್ದಮೆಯನ್ನೋ ಮನವಿಯನ್ನೋ ಹಾಕಿದರೆ, ಅವರು ಹೇಳಿದ ಒಂದೊಂದು ಕಂಡಿಕೆಗೂ, ಅಂದರೆ ಪ್ಯಾರಾಕ್ಕೂ, ಕಚೇರಿ ಒಂದೊಂದು ಕಂಡಿಕೆಯ ಉತ್ತರ ಕೊಡಬೇಕು. ಅದಕ್ಕೆ ಕಂಡಿಕೆವಾರು ಉತ್ತರ ಎನ್ನುತ್ತೇವೆ. ಅದನ್ನು ಬರೆಯುವವಳು ನಾನು. ಎಷ್ಟೋ ವರ್ಷಗಳಿಂದ ನಾನೇ. ಅಟೆಂಡರ್‌ಗೂ ಅದು ರೂಢಿ: ಮೇಲಿಂದ ಅಂಥ ಕಡತ ಇಳಿದರೆ ಕೇಳುವುದೂ ಇಲ್ಲ, ನೇರವಾಗಿ ತಂದು ನನ್ನ ಮೇಜಿನ ಮೇಲೆ ಕುಕ್ಕುತ್ತಾನೆ.

ಇಂದೂ ಕುಕ್ಕಿದ. ದಾರ ಬಿಚ್ಚಿದೆ. ನನ್ನ ಮೇಲ್ಮನವಿ. ಅಂಚಿನಲ್ಲಿ ಸಾಹೇಬರ ಹಸಿರು ಶಾಯಿ: ‘ಕಂಡಿಕೆವಾರು ಉತ್ತರದ ಕರಡು ಮಂಡಿಸಿ.’

ಕೈತಪ್ಪಿ ಬಂದಿರಬೇಕು ಎಂದು ಎತ್ತಿಕೊಂಡು ಅವರ ಕೋಣೆಗೆ ಹೋದೆ. ಕಡತವನ್ನು ಮುಂದೆ ಹಿಡಿದೆ. ಅವರು ನೋಡಿದರು, ಒಂದು ಗಳಿಗೆ ಅವರ ಮುಖವೂ ಕೆಂಪಾಯಿತು.

“ಹೌದಲ್ವಾ... ಇದು ನಿಮ್ದೇ. ಏನ್ಮಾಡೋದಮ್ಮಾ, ಬೇರೆ ಯಾರಿಗೆ ಬರುತ್ತೆ? ಹೊಸ ಸೂಪರಿಂಟೆಂಡೆಂಟಿಗೆ ಕೊಟ್ರೆ ಭಾಷಣ ಬರೀತಾನೆ. ಸುಮ್ನೆ ಶಾಸ್ತ್ರಕ್ಕೆ ಒಂದು ಬರೆದ್ಕೊಡಿ. ನಿಮಗೇನೂ ತೊಂದ್ರೆ ಇಲ್ಲ ತಾನೆ?”

ಆಗುವುದಿಲ್ಲ ಎನ್ನಬೇಕಿತ್ತು. ಏಕೆ ಆಗುವುದಿಲ್ಲ ಎಂದು ವಿವರಿಸಬೇಕಿತ್ತು. ಅವರು ಮುಖ ನೋಡುತ್ತ ಕಾಯುತ್ತಿದ್ದರು, ಹಿಂದೆ ಇನ್ನಿಬ್ಬರು ರುಜುವಿಗೆ ನಿಂತಿದ್ದರು. ಆ ಮಾತನ್ನು ಹೊರಗೆಳೆಯುವುದಕ್ಕಿಂತ ನಾಲ್ಕು ಪುಟ ಬರೆಯುವುದು ನನಗೆ ಸುಲಭ.

ಇಲ್ಲ ಎಂದು ತಲೆಯಾಡಿಸಿದೆ. ತೊಂದರೆಯಿಲ್ಲ ಎಂಬರ್ಥದಲ್ಲಿ.

ಮಾರ್ಚ್ ೬, ಬುಧವಾರ

ಬರೆದೆ. ಶಾಸ್ತ್ರಕ್ಕೆ ಬರೆಯೋಣ ಎಂದು ಕೂತವಳು ಎರಡನೆಯ ಕಂಡಿಕೆಯ ಹೊತ್ತಿಗೆ ಬೆರಳಿಗೆ ಬಿಸಿಯೇರಿ ಎಲ್ಲ ಮರೆತೆ. ಎದುರಾಳಿಯ ಅರ್ಜಿ ತೀರಾ ಸಪ್ಪೆ. ಆಧಾರವಿಲ್ಲ, ಬರೀ ಗೋಗರೆತ. ಇಂಥದ್ದನ್ನು ಮುರಿಯುವುದು ಎಡಗೈ ಕೆಲಸ.

ಮೂರನೆಯ ಕಂಡಿಕೆ ಅಂದವಾಗಿ ಬಂದಿದೆ. ‘ಅರ್ಜಿದಾರರ ನಿಷ್ಠೆಯನ್ನು ಈ ಕಚೇರಿ ಪ್ರಶ್ನಿಸುವುದಿಲ್ಲ. ಆದರೆ ನೀರಿಲ್ಲದೆ ಖಾಲಿ ಕೊಡ ಹಿಡಿದು ಬಂದ ಮನುಷ್ಯ ಉತ್ತರಕ್ಕಾಗಿ ಕಾಯುವ ಸ್ಥಿತಿಯಲ್ಲಿರುವುದಿಲ್ಲ. ತಮ್ಮ ಪರವಾಗಿಯೇ ನಾಲ್ಕು ಮಾತು ಆಡಲಾರದವರು ಊರಿನ ಪರವಾಗಿ ಆಡುವುದು ಹೇಗೆ?’

ಎರಡು ಸಲ ಓದಿಕೊಂಡೆ. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮಾರ್ಚ್ ೭, ಗುರುವಾರ

ಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸದೆ ರುಜು ಹಾಕಿದರು. “ಮೂರನೇ ಕಂಡಿಕೆ ಅಂತೂ... ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸ್ಬೇಕಮ್ಮಾ!” ಎಂದರು.

ಖುಷಿಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆಯಿತು.

ಮಾರ್ಚ್ ೨೩, ಶನಿವಾರ

ಕಚೇರಿ ಕೊಟ್ಟ ಉತ್ತರದ ಒಂದು ಪ್ರತಿಯನ್ನು ಅರ್ಜಿದಾರರಿಗೂ ಕಳಿಸುವುದು ಕ್ರಮ. ಅರ್ಜಿದಾರರ ವಿಳಾಸವನ್ನು ಲಕೋಟೆಯ ಮೇಲೆ ಬರೆದದ್ದೂ ನಾನೇ. ಆದರೂ ಅದು ಮನೆಗೆ ಬರುತ್ತದೆ ಎಂಬುದು ಏಕೋ ತಲೆಗೆ ಹೋಗಿರಲಿಲ್ಲ.

ನಾನು ಅಕ್ಕಿ ತೊಳೆಯುತ್ತಿದ್ದೆ. ನಡುಮನೆಯಲ್ಲಿ ಮಗಳು ಗಟ್ಟಿಯಾಗಿ ಓದತೊಡಗಿದಳು. ಒಂದನೆಯ ಕಂಡಿಕೆ, ಎರಡನೆಯದು. ಮೂರನೆಯದಕ್ಕೆ ಬಂದಾಗ ಅವಳ ದನಿ ಕಿರಿದಾಯಿತು, ‘ನಾಲ್ಕು ಮಾತು ಆಡಲಾರದವರು’ ಎಂಬಲ್ಲಿ ನಿಂತೇಹೋಯಿತು.

“ಯಾವನೇ ಅವನು ಬರೆದೋನು?” ನಮ್ಮವರು ಎದ್ದು ನಿಂತ ಸದ್ದು ಕೇಳಿಸಿತು. “ಅನ್ನ ತಿಂತಾನೋ ಮಣ್ಣು ತಿಂತಾನೋ? ಬರೆದ ಕೈಗೆ ಹುಳ ಬೀಳ್ಲಿ!”

ಆ ಕೈ ಪಾತ್ರೆಯೊಳಗೆ ಅಕ್ಕಿಯ ನೀರಿನಲ್ಲಿತ್ತು.

ಮಗಳು ಒಳಗೆ ಬಂದು ಹಿಂದಿನಿಂದ ನನ್ನನ್ನು ತಬ್ಬಿಕೊಂಡಳು. “ಅಳ್ಬೇಡ ಅಮ್ಮಾ. ಬರೆದೋರಿಗೆ ನೀನು ಯಾರು ಅಂತ ಗೊತ್ತಿಲ್ಲ, ಅಷ್ಟೇ.” ನಾನು ಅಳುತ್ತಿರಲಿಲ್ಲ. ಅವಳು ಹಾಗೆಂದ ಮೇಲೆ ಅತ್ತೆ. ಅವಳಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. “ನಾ... ನಾ...” ಎಂದೆ.

“ನಾಳೆ ಮಾತಾಡೋಣ, ಈಗ ಬೇಡ,” ಎಂದು ನಮ್ಮವರು ಹೊಸ್ತಿಲಲ್ಲಿ ನಿಂತು ಮುಗಿಸಿಕೊಟ್ಟರು. ಹೂಂ ಎಂದೆ.

ಮಾರ್ಚ್ ೨೪, ಭಾನುವಾರ

ಹೇಳಲಿಲ್ಲ. ಹುಳವೂ ಬಿದ್ದಿಲ್ಲ.

ಏಪ್ರಿಲ್ ೩, ಬುಧವಾರ

ವಿಚಾರಣೆಯ ನೋಟಿಸು ಬಂದಿದೆ. ಇದೇ ಹದಿನಾರಕ್ಕೆ. ಅರ್ಜಿದಾರರು ಖುದ್ದಾಗಿ ಹಾಜರಿರಬೇಕು, ಬೇಕಿದ್ದರೆ ಒಬ್ಬ ಸಹಾಯಕರನ್ನು ಕರೆತರಬಹುದು. ನಮ್ಮವರು ಆಗಲೇ ರಜೆ ಬರೆದುಕೊಟ್ಟು, ಬಿಳಿ ಅಂಗಿ ಇಸ್ತ್ರಿಗೆ ಹಾಕಿದ್ದಾರೆ. ಯಾವ ಯಾವ ಮಾತಿಗೆ ಏನು ಹೇಳಬೇಕೆಂದು ಬಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದಾರಂತೆ. ಪ್ರಯಾಣಿಕರೆಲ್ಲ ನನ್ನ ಕಡೆಗೇ ಇದ್ದಾರೆ ಎಂದು ವರದಿ.

ಮೇಲ್ಮನವಿಯನ್ನು ವಾಪಸು ತೆಗೆದುಕೊಳ್ಳಲು ಒಂದು ಸಾಲು ಸಾಕು. ಇಂದು ಆ ಸಾಲನ್ನೂ ಬರೆದೆ. ಚೆನ್ನಾಗಿಯೇ ಇತ್ತು. ಆಮೇಲೆ ಹರಿದೆ. ಏಕೆ ಎಂದು ಗೊತ್ತಿಲ್ಲ. ಸಮಿತಿಯವರ ಆ ಜೋಲು ವಾಕ್ಯವೇ ಕೊನೆಯ ಮಾತಾಗಿ ಉಳಿಯುತ್ತದಲ್ಲ ಎಂದು ಕಿರಿಕಿರಿಯಾಯಿತು, ಅಷ್ಟೇ ಇರಬೇಕು.

ಏಪ್ರಿಲ್ ೧೨, ಶುಕ್ರವಾರ

ಪಟಾಕಿ ಉತ್ತರದ ಪ್ರತಿ ಹಿಡಿದು ಬಂದ. ವಿಚಾರಣೆಯ ದಿನ ಮೇಲ್ಮನವಿ ಮಂಡಳಿಯ ಮುಂದೆ ಅದನ್ನು ಓದುವವನು ಅವನೇ.

“ಅಕ್ಕಾ, ನಿಮ್ಮ ವಾಕ್ಯ ಉದ್ದ. ಎಲ್ಲಿ ಉಸಿರು ತಗೋಬೇಕು ಅಂತಾನೇ ಗೊತ್ತಾಗ್ತಿಲ್ಲ.”

ಪೆನ್ಸಿಲ್ ತೆಗೆದುಕೊಂಡು ಗೆರೆ ಎಳೆದುಕೊಟ್ಟೆ. ‘ಸ್ಥಿತಿಯಲ್ಲಿರುವುದಿಲ್ಲ’ದ ನಂತರ ಎರಡು ಗೆರೆ, ಅಲ್ಲಿ ತುಸು ಹೆಚ್ಚು ನಿಲ್ಲಬೇಕು. ಅವನು ಮೆಲ್ಲಗೆ ಓದಿ ನೋಡಿದ. ಹೋಗದೆ ನಿಂತೇ ಇದ್ದ.

“ಇದನ್ನ ನೀವು ಯಾಕೆ ಬರೆದ್ರಿ ಅಕ್ಕಾ? ನೀವು ಆಗಲ್ಲ ಅಂದಿದ್ರೆ ನಾನೂ ಓದಲ್ಲ ಅಂತಿದ್ದೆ. ದೇವ್ರಾಣೆ ಅಂತಿದ್ದೆ. ಈಗ ನೀವೇ ಬರೆದಿದೀರಿ, ನಾನು ಯಾವ ಬಾಯಲ್ಲಿ ಆಗಲ್ಲ ಅನ್ಲಿ?”

ತಲೆಯಾಡಿಸಲೂ ಆಗಲಿಲ್ಲ. ಹೌದೆಂದೋ ಇಲ್ಲವೆಂದೋ ಆಡಿಸುವ ಪ್ರಶ್ನೆಯಾಗಿರಲಿಲ್ಲ ಅದು. ಅಂಚೆಚೀಟಿ ಒದ್ದೆಮಾಡುವ ಸ್ಪಂಜಿನ ಡಬ್ಬಿಗೆ ನೀರು ಹಾಕಲು ಎದ್ದುಹೋದೆ. ಇಷ್ಟು ದಿನ ಬಾಯಿಗಾಗಿ ನಾಚಿಕೊಂಡಿದ್ದೆ. ಇಂದು ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಏಪ್ರಿಲ್ ೧೬, ಮಂಗಳವಾರ

ವಿಚಾರಣೆಯ ಕೋಣೆ ನಮ್ಮ ಟಪಾಲಿನ ಕೋಣೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೇಲ್ಮನವಿ ಮಂಡಳಿಯ ಅಧ್ಯಕ್ಷೆ ನನಗಿಂತ ಹಿರಿಯರು. ಓದುವಾಗ ಕನ್ನಡಕ ಮೂಗಿಗೆ, ಮಾತಾಡುವಾಗ ಹಣೆಗೆ. ಪಕ್ಕದಲ್ಲಿ ಬೆರಳಚ್ಚುಗಾರ. ಈ ಕಡೆ ನಾನು ಮತ್ತು ನಮ್ಮವರು, ಆ ಕಡೆ ಸಾಹೇಬರು ಮತ್ತು ಪಟಾಕಿ.

ಮೊದಲು ನನ್ನ ಮೇಲ್ಮನವಿಯನ್ನು ಬೆರಳಚ್ಚುಗಾರ ಓದಿದ. ರಜೆ ಅರ್ಜಿಯಷ್ಟು ಬೇಗ ಮುಗಿಯಿತು. ಆಮೇಲೆ ಪಟಾಕಿ ಎದ್ದ.

ಎಷ್ಟು ಚೆನ್ನಾಗಿ ಓದಿದ! ನನ್ನ ಒಂದೊಂದು ವಾಕ್ಯವೂ ತಡೆಯಿಲ್ಲದೆ, ತೊಡರಿಲ್ಲದೆ ಕೋಣೆಯ ತುಂಬ ಹರಿಯಿತು. ಬಾಯಿಂದ ಹೊರಟರೆ ನನ್ನ ಮಾತು ಹೀಗೆ ಕೇಳಿಸುತ್ತದೆಯೇ ಎಂದು ಮೈಮರೆತೆ. ನಮ್ಮವರು ಮೊಣಕೈಯಿಂದ ತಿವಿದು, “ಏನೇ ಇದು, ಅವನ ಜೊತೆ ನೀನೂ ತುಟಿ ಆಡಿಸ್ತಿದೀಯಾ? ಬಾಯಿಪಾಠ ಮಾಡ್ಕೊಂಡಿದೀಯೇನು?” ಎಂದು ಪಿಸುಗುಟ್ಟಿದರು. ತುಟಿ ಕಚ್ಚಿಕೊಂಡೆ.

ಮೂರನೆಯ ಕಂಡಿಕೆ. ಎರಡು ಗೆರೆ ಎಳೆದುಕೊಟ್ಟಲ್ಲಿ ಅವನು ನಿಲ್ಲಲಿಲ್ಲ. ಓಡಿಸಿಕೊಂಡು ಮುಗಿಸಿ, ತಲೆ ತಗ್ಗಿಸಿ ಕೂತುಬಿಟ್ಟ.

ಅಧ್ಯಕ್ಷೆ ಕನ್ನಡಕ ಹಣೆಗೇರಿಸಿದರು. “ಚೆನ್ನಾಗಿ ಬರೆದಿದೀರಿ,” ಎಂದು ಸಾಹೇಬರಿಗೆ ಹೇಳಿದರು. ಸಾಹೇಬರು ಕೈಮುಗಿದರು. ಜೀವಮಾನದಲ್ಲಿ ಮೊದಲ ಸಲ ಕಚೇರಿಯ ಹೊರಗಿನವರಿಂದ ನನ್ನ ಬರಹಕ್ಕೆ ಸಿಕ್ಕ ಹೊಗಳಿಕೆ ಕೇಳಿ ನೆಲ ಬಾಯಿ ಬಿಡಬಾರದೇ ಎನಿಸಿತು.

“ಇದಕ್ಕೆ ನೀವೇನು ಹೇಳ್ತೀರಮ್ಮಾ?”

ಎದ್ದು ನಿಂತೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಬೆರಳಚ್ಚುಗಾರ ಕೀಲಿಮಣೆಯ ಮೇಲೆ ಬೆರಳಿಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದ.

“ಮೇಡಂ, ಅವರಿಗೆ ಕಷ್ಟ ಆಗುತ್ತೆ,” ಎಂದರು ಸಾಹೇಬರು, ನಿಜವಾದ ಮರುಕದಿಂದಲೇ. “ಮೌನಂ ಸಮ್ಮತಿ ಲಕ್ಷಣಂ ಅಂತ ತಗೋಬಹುದೇನೋ.”

ನಮ್ಮವರು ಚಿಮ್ಮಿ ಎದ್ದರು. “ಅವಳು ಹೇಳ್ತಿರೋದು ಏನಂದ್ರೆ ಮೇಡಂ...”

ಅವರ ಇಸ್ತ್ರಿ ಮಾಡಿದ ಅಂಗಿಯ ಚುಂಗು ಹಿಡಿದು ಜಗ್ಗಿ ಕೂರಿಸಿದೆ. ಅವರು ನನ್ನ ಮುಖ ನೋಡಿ ಬಾಯಿ ಮುಚ್ಚಿದರು.

“ಪರವಾಗಿಲ್ಲಮ್ಮಾ,” ಎಂದರು ಅಧ್ಯಕ್ಷೆ. “ಬರೆದುಕೊಡಿ. ಒಂದು ವಾರ ಟೈಮ್ ಕೊಡ್ತೀನಿ.”

ಬರೆದುಕೊಡಿ. ಈ ಮಾತು ಕೇಳಿದರೆ ಸಾಕು, ಶಾಲೆಯ ದಿನದಿಂದಲೂ ನನಗೆ ಹೋದ ಜೀವ ಬಂದಂತಾಗುತ್ತದೆ. ಇಂದೂ ಕೈ ತಾನಾಗಿ ಚೀಲದೊಳಗಿನ ಪೆನ್ನಿಗೆ ಹೋಯಿತು. ಎದುರಿಗೆ ನನ್ನದೇ ನಾಲ್ಕು ಪುಟ ಮೇಜಿನ ಮೇಲೆ ಹರಡಿಕೊಂಡಿತ್ತು.

“ಬೇ... ಬೇಡ,” ಎಂದೆ. “ಬ... ಬ... ಬರೆದೇ ಹೀಗಾಗಿದ್ದು.”

“ಅಂದ್ರೆ?”

“ಆ ಉ... ಉತ್ತರ. ಅದನ್ನೂ ಬ... ಬರೆದದ್ದು ನಾನೇ.”

ನಮ್ಮವರು ನನ್ನನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಮದುವೆಯಾದಾಗಿನಿಂದ ಅವರಿಗೆ ಮಾತು ಸಿಗದೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಅಧ್ಯಕ್ಷೆ ಸಾಹೇಬರ ಕಡೆ ತಿರುಗಿದರು. “ಏನ್ರೀ ಇದು? ಅರ್ಜಿ ಹಾಕಿದೋರ ಕೈಲೇ ಅರ್ಜಿಗೆ ಉತ್ತರ ಬರೆಸಿದ್ರಾ?”

“ಅದು ಮೇಡಂ... ಯಾವಾಗ್ಲೂ ಅವರೇ ಬರೆಯೋದು. ನಮ್ಮ ಕಚೇರೀಲಿ ಅಷ್ಟು ಚೆನ್ನಾಗಿ ಬರೆಯೋರು ಬೇರೆ ಯಾರೂ ಇಲ್ಲ.”

“ಅದನ್ನೂ ದಾಖಲು ಮಾಡ್ಕೊಳ್ಳಪ್ಪಾ,” ಎಂದರು ಅಧ್ಯಕ್ಷೆ. ಬೆರಳಚ್ಚುಗಾರ ಟಕಟಕ ಒತ್ತಿದ.

ಸಾಹೇಬರ ಕಿವಿ ಕೆಂಪಾಯಿತು. ಅವರಿಗೆ ನನ್ನಿಂದ ಹಾಗಾಯಿತಲ್ಲ ಎಂದು ನಾಚಿಕೆಯಾಯಿತು. ಮನೆಯಲ್ಲಿ ಹುಳ ಬೀಳಲಿ ಎಂದವರ ಪಕ್ಕದಲ್ಲಿ ನಿಂತು ಅದನ್ನು ಒಪ್ಪಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಇಷ್ಟು ಜನರ ಎದುರು ಮುಖ ಸೊಟ್ಟಗೆ ಮಾಡಿಕೊಂಡು ಒಂದೊಂದು ಅಕ್ಷರಕ್ಕೆ ತಿಣುಕುತ್ತಿದ್ದೇನಲ್ಲ ಎಂದೂ ಆಯಿತು. ಆದರೆ ಕೂರಲಿಲ್ಲ.

“ಮೂ... ಮೂರನೇ ಕಂಡಿಕೆ ತಪ್ಪು,” ಎಂದೆ. “ಹೋದ ಬೇ... ಬೇಸಿಗೇಲಿ ದೊಡ್ಡ ಪೈಪು ಒಡೆದಾಗ ಕ... ಕೌಂಟರಲ್ಲಿ ಇದ್ದೋಳು ನಾನು. ಇವನು ರಜೆ. ಜನ ಖಾಲಿ ಕೊಡ ಹಿ... ಹಿಡ್ಕೊಂಡೇ ಬಂದ್ರು. ಕಾದ್ರು. ಒ... ಒಬ್ಬರೂ ಎದ್ದು ಹೋಗ್ಲಿಲ್ಲ. ಯಾಕಂದ್ರೆ ನೀರು ಯಾ... ಯಾವ ಬೀದಿಗೆ ಯಾವಾಗ ಬರುತ್ತೆ ಅಂತ ನಾನು ಹೇ... ಹೇಳಿದ್ದು ಸರಿಯಾಗಿರ್ತಿತ್ತು.”

“ಹೌದು ಮೇಡಂ,” ಎಂದ ಪಟಾಕಿ ನೆಲ ನೋಡುತ್ತಲೇ. ಸಾಹೇಬರು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಅಧ್ಯಕ್ಷೆ ತಲೆದೂಗಿ ಕಡತ ಮಡಚತೊಡಗಿದರು. “ಸರಿಯಮ್ಮಾ, ಅರ್ಥ ಆಯ್ತು. ಸಾಕು.”

“ಕಾ... ಕಾಯಿರಿ,” ಎಂದೆ. “ಇನ್ನೂ ಮು... ಮುಗಿದಿಲ್ಲ.”

ಅವರು ಮಡಚಿದ ಕಡತವನ್ನು ಮತ್ತೆ ಬಿಡಿಸಿ, ಕನ್ನಡಕವನ್ನು ಮೇಜಿನ ಮೇಲಿಟ್ಟು ಕಾದರು. ಸಾಹೇಬರು ಕಾದರು. ನಮ್ಮವರು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು, ಒಂದಕ್ಷರ ಸೇರಿಸದೆ ಕಾದರು. ನಾನು ಹೇಳಿ ಮುಗಿಸುವಷ್ಟರಲ್ಲಿ ಊಟದ ಹೊತ್ತು ದಾಟಿ, ಮುಂದಿನ ಅರ್ಜಿಯವರು ಬಾಗಿಲಲ್ಲಿ ಇಣುಕುತ್ತಿದ್ದರು.

ಆದೇಶವನ್ನು ಆಮೇಲೆ ಕಳಿಸುತ್ತಾರಂತೆ. ಗಂಟಲು ಕೆರೆದಿದೆ, ದವಡೆ ನೋಯುತ್ತಿದೆ. ಅಲ್ಲಿ ಏನೇನು ಹೇಳಿದೆ ಎಂಬುದನ್ನೆಲ್ಲ ಇಲ್ಲಿ ಬರೆದಿಡೋಣ ಎಂದು ಕೂತೆ. ಏಕೋ ಬೇಕೆನಿಸುತ್ತಿಲ್ಲ. ಹೇಳಿದ್ದಾಯಿತಲ್ಲ.